ಕ್ಯಾಮೆರಾ ಫೈನ್ ಹಾಕಿದೆಯಾ? ಕಟ್ಟುವ ಮುಂಚೆ ಫೋಟೊ ನೋಡಿ

ಸಿಗ್ನಲ್‌ನಲ್ಲಿ ಪೊಲೀಸರು ಇರಲಿಲ್ಲ, ಯಾರೂ ಗಾಡಿಗೆ ಕೈ ಅಡ್ಡ ಹಾಕಲಿಲ್ಲ. ಆದರೂ ಮೊಬೈಲ್‌ಗೆ ದಂಡದ ಮೆಸೇಜ್ ಬಂದಿದೆ. ಬೆಂಗಳೂರಿನಲ್ಲಿ ಗಾಡಿ ಇರುವ ಯಾರನ್ನು ಕೇಳಿದರೂ ಈ ಮಾತು ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ಹೊಸ ಸಂಚಾರ ನಿರ್ವಹಣಾ ವ್ಯವಸ್ಥೆ ಶುರುವಾಯಿತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾ ಒಟ್ಟಿಗೇ ಬಂದವು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಈಗ ಕ್ಯಾಮೆರಾಗಳಿವೆ. ಅಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ.

ಮೆಸೇಜ್ ಬಂದಾಗ ಕೆಲವರು ಗಾಬರಿಯಾಗಿ ಆ ಕ್ಷಣವೇ ದುಡ್ಡು ಕಟ್ಟುತ್ತಾರೆ. ಇನ್ನು ಕೆಲವರು ಆಮೇಲೆ ನೋಡೋಣ ಎಂದು ಸುಮ್ನೆ ಬಿಡುತ್ತಾರೆ. ಎರಡೂ ಬೇಡ. ಕ್ಯಾಮೆರಾ ಏನು ನೋಡಿತು ಅನ್ನುವುದನ್ನು ನೀವೂ ನೋಡಬಹುದು. ಮೊದಲು ಆ ಕೆಲಸ ಆಗಲಿ.

ಮೆಸೇಜ್ ಅಸಲಿಯೇ?

ವಾಟ್ಸ್ಆ್ಯಪ್‌ನಲ್ಲಿ ಚಲನ್ ಹೆಸರಿನ ಫೈಲ್ ಬಂದರೆ ಮುಟ್ಟಲೇಬೇಡಿ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಅಂತಿದ್ದರೆ ಅದು ಚಲನ್ ಅಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿದರೆ ನಿಮ್ಮ ಮೆಸೇಜ್, ಓಟಿಪಿ ಎಲ್ಲ ಕಳ್ಳರ ಕೈಗೆ ಹೋಗಬಹುದು. ಹೀಗೆ ಬ್ಯಾಂಕ್ ಖಾತೆ ಖಾಲಿಯಾದವರಿದ್ದಾರೆ. ಈಗಾಗಲೇ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಕೂಡ ಒತ್ತಬೇಡಿ. ಬ್ರೌಸರ್ ತೆರೆದು ಕೇಂದ್ರ ಸರ್ಕಾರದ ಸಾರಿಗೆ ವೆಬ್‌ಸೈಟ್ ಪರಿವಾಹನ್‌ನ ಇ-ಚಲನ್ ಪುಟಕ್ಕೋ ನಿಮ್ಮ ಊರಿನ ಪೊಲೀಸರ ವೆಬ್‌ಸೈಟ್‌ಗೋ ನೀವೇ ಹೋಗಿ. ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದೆಯಾ ನೋಡಿ. ಗಾಡಿ ನಂಬರ್ ಹಾಕಿ ಹುಡುಕಿ. ಮೆಸೇಜ್‌ನಲ್ಲಿ ಹೇಳಿದ ದಂಡ ಅಲ್ಲಿ ಕಾಣದಿದ್ದರೆ ದುಡ್ಡು ಕಟ್ಟಬೇಡಿ, ಟ್ರಾಫಿಕ್ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಫೋಟೊ ತೆರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಮೊತ್ತ ನೋಡುತ್ತಾರೆ, ಫೋಟೊ ನೋಡುವುದಿಲ್ಲ.

ಕ್ಯಾಮೆರಾದಿಂದ ದಂಡ ಹಾಕುವುದಕ್ಕೆ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ನಿಯಮ ತಂದಿತು. ಮೋಟಾರು ವಾಹನ ನಿಯಮಗಳಲ್ಲಿ ಅದರ ನಂಬರ್ 167ಎ. ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಸ್ಪಷ್ಟವಾಗಿ ಕಾಣುವ ಫೋಟೊ ಚಲನ್‌ನಲ್ಲಿ ಇರಬೇಕು ಎನ್ನುತ್ತದೆ ಅದು. ತಾರೀಖು, ಸಮಯ, ಜಾಗ, ಯಾವ ಸೆಕ್ಷನ್ ಎನ್ನುವುದೂ ಇರಬೇಕು. ವೇಗದ ಕೇಸಾದರೆ ಯಂತ್ರ ಅಳೆದ ವೇಗವನ್ನೂ ಹೇಳಬೇಕು. ಆ ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರ ಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮೆರಾ ಇರುವ ರಸ್ತೆಯಲ್ಲಿ ಎಚ್ಚರಿಕೆ ಬೋರ್ಡ್ ಕೂಡ ಹಾಕಿರಬೇಕು. ಇವೆಲ್ಲ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಸೌಲಭ್ಯಗಳಲ್ಲ. ನಿಯಮದಲ್ಲೇ ಬರೆದಿರುವ ಮಾತುಗಳು.

ಫೋಟೊದಲ್ಲಿ ಏನು ನೋಡಬೇಕು? ಮೊದಲು ಗಾಡಿ ನಿಮ್ಮದೇನಾ ಅಂತ. ಬಣ್ಣ, ಮಾಡೆಲ್, ಹಿಂದಿನ ಸ್ಟಿಕ್ಕರ್, ಡಿಕ್ಕಿ, ಎಲ್ಲ ನೋಡಿ. ಕ್ಯಾಮೆರಾ ಪ್ಲೇಟ್‌ನ ಚಿತ್ರ ತೆಗೆದು ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತದೆ. ಪ್ಲೇಟ್ ಮಾಸಿದ್ದರೆ, ಮಣ್ಣು ಮೆತ್ತಿದ್ದರೆ, ಸೊಟ್ಟಪಟ್ಟ ಅಕ್ಷರ ಬರೆಸಿದ್ದರೆ 8 ಇದ್ದದ್ದು ‘ಬಿ’ ಆಗಬಹುದು, ಸೊನ್ನೆ ಇದ್ದದ್ದು ‘ಡಿ’ ಆಗಬಹುದು. ಯಾರದ್ದೋ ಸ್ಕೂಟರ್‌ನ ತಪ್ಪು ನಿಮ್ಮ ಕಾರಿನ ಲೆಕ್ಕಕ್ಕೆ ಬರುವುದು ಹೀಗೆ. ನಿಮ್ಮ ನಂಬರನ್ನೇ ಬೇರೆ ಗಾಡಿಗೆ ಹಾಕಿಕೊಂಡು ಓಡಾಡುವವರೂ ಇರುತ್ತಾರೆ. ಅಂಥದ್ದು ಕಂಡರೆ ಅದು ಬರೀ ದಂಡದ ವಿಷಯವಲ್ಲ, ಕೂಡಲೇ ಪೊಲೀಸ್ ದೂರು ಕೊಡಿ.

ಕೆಂಪು ದೀಪದ ಕೇಸಾದರೆ ಸ್ಟಾಪ್ ಲೈನ್ ಹುಡುಕಿ. ಈ ಕ್ಯಾಮೆರಾಗೆ ಸಿಗ್ನಲ್ ಯಾವಾಗ ಕೆಂಪಾಯಿತು ಅನ್ನುವುದು ಗೊತ್ತಿರುತ್ತದೆ. ಕೆಂಪಾದ ಮೇಲೆ ಗೆರೆ ದಾಟಿದ ಗಾಡಿಯನ್ನು ಅದು ಹಿಡಿಯಬೇಕು. ಫೋಟೊದಲ್ಲಿ ದೀಪ ಯಾವ ಬಣ್ಣ, ಚಕ್ರ ಗೆರೆಯ ಯಾವ ಕಡೆ ಇದೆ ನೋಡಿ. ಜೀಬ್ರಾ ಪಟ್ಟಿ ಮೇಲೆ ನಿಂತದ್ದಕ್ಕೂ ದಂಡ ಬೀಳುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಾಗುವುದು ಈ ಫೋಟೊ ನೋಡಿದಾಗಲೇ. ನಡೆದು ಹೋಗುವವರಿಗೆ ಉಳಿದಿರುವುದು ಅಷ್ಟೇ ಜಾಗ ಅಲ್ವಾ? ಅದಕ್ಕೆ ಹಾಕುವ ದಂಡ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ.

ಒಪ್ಪಿಗೆ ಇಲ್ಲದಿದ್ದರೆ

ಫೋಟೊದ ಸ್ಕ್ರೀನ್‌ಶಾಟ್ ತೆಗೆದಿಡಿ. ಚಲನ್ ನಂಬರ್ ಬರೆದುಕೊಳ್ಳಿ. ಆರ್‌ಸಿ ಪ್ರತಿ ಮತ್ತು ನಿಮ್ಮ ಗಾಡಿಯ ಮುಂದಿನ, ಹಿಂದಿನ ಫೋಟೊ ಜೊತೆಗಿರಲಿ. ಚಿಕ್ಕದಾಗಿ ಬರೆಯಿರಿ: ‘ಫೋಟೊದಲ್ಲಿರುವುದು ಕಪ್ಪು ಸ್ಕೂಟರ್, ನನ್ನದು ಬಿಳಿ ಕಾರು.’ ಇಷ್ಟು ಸಾಕು. ಡ್ಯೂಟಿಯಲ್ಲಿದ್ದ ಪೊಲೀಸರೇ ಕೆಂಪು ದೀಪದಲ್ಲಿ ಕೈ ಬೀಸಿ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಡ್ಯಾಶ್‌ಕ್ಯಾಮ್ ವಿಡಿಯೊ ಇದ್ದರೆ ಕೇಸು ಮುಗಿಯುವ ತನಕ ಅಳಿಸಬೇಡಿ.

ಇದನ್ನು ಸಂಬಂಧಪಟ್ಟ ಟ್ರಾಫಿಕ್ ಠಾಣೆಗೆ ಕೊಡಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಬೆಂಗಳೂರಿನವರು ಇನ್‌ಫೆಂಟ್ರಿ ರಸ್ತೆಯ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರ್‌ನಲ್ಲಿ ವಿಚಾರಿಸಬಹುದು. ಅಲ್ಲಿಗೆ ಬಗೆಹರಿಯದಿದ್ದರೆ ಕೋರ್ಟ್‌ನಲ್ಲಿ ಹೇಳಿಕೊಳ್ಳುವ ಹಕ್ಕು ನಿಮಗಿದೆ. ಚಲನ್‌ನಲ್ಲಿ ಹೇಳಿದ ಗಡುವು ಮಾತ್ರ ಮೀರಬೇಡಿ.

ತಪ್ಪು ನಿಮ್ಮದೇ ಆಗಿದ್ದರೆ

ಕಟ್ಟಿಬಿಡಿ. ಪೊಲೀಸರ ವೆಬ್‌ಸೈಟ್, ಟ್ರಾಫಿಕ್ ಠಾಣೆ, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರ, ಎಲ್ಲಾದರೂ ಸರಿ. 2023ರ ಫೆಬ್ರವರಿಯಲ್ಲಿ ಹಳೆಯ ಬಾಕಿಗೆ ಅರ್ಧ ರಿಯಾಯಿತಿ ಕೊಟ್ಟಿದ್ದರು, ಆಮೇಲೂ ಕೊಟ್ಟರು. ಹಾಗಂತ ಮುಂದಿನ ರಿಯಾಯಿತಿಗೆ ಕಾಯುತ್ತ ಕೂರುವುದು ಸರಿಯಲ್ಲ. ಅದು ಬರುತ್ತದೋ ಇಲ್ಲವೋ ಹೇಳಲಾಗದು, ಅಷ್ಟರಲ್ಲಿ ಬಾಕಿ ಬೆಳೆದಿರುತ್ತದೆ.

ಮೆಸೇಜ್ ಬಾರದೇ ಇರುವವರಿಗೆ

ಮೆಸೇಜ್ ಬಂದಿಲ್ಲ ಅಂದರೆ ದಂಡ ಇಲ್ಲ ಎಂದಲ್ಲ. ಕ್ಯಾಮೆರಾ ಓದಿದ ನಂಬರನ್ನು ನೋಂದಣಿಯ ದಾಖಲೆ ಜೊತೆ ಹೋಲಿಸಿ, ಅಲ್ಲಿರುವ ಮೊಬೈಲ್‌ಗೆ ಮೆಸೇಜ್ ಕಳಿಸುತ್ತಾರೆ. ಗಾಡಿ ಕೊಳ್ಳುವಾಗ ಶೋರೂಮ್‌ನಲ್ಲಿ ಯಾವ ನಂಬರ್ ಬರೆಸಿದ್ದಿರೋ ನಿಮಗೇ ನೆನಪಿರಲಿಕ್ಕಿಲ್ಲ. ಪರಿವಾಹನ್ ವೆಬ್‌ಸೈಟ್‌ನಲ್ಲಿ ಅದನ್ನು ಬದಲಾಯಿಸಬಹುದು. ಆರ್‌ಸಿ ಪಕ್ಕದಲ್ಲಿ ಇಟ್ಟುಕೊಂಡು ಕೂತರೆ ಬೇಗ ಮುಗಿಯುತ್ತದೆ, ಯಾಕೆಂದರೆ ಚಾಸಿ ನಂಬರ್, ನೋಂದಣಿ ತಾರೀಖು ಕೇಳುತ್ತದೆ.

ಗಾಡಿ ಮಾರಿದವರಿಗೆ ಇನ್ನೂ ದೊಡ್ಡ ತಲೆನೋವು. ದುಡ್ಡು ಕೈಗೆ ಬಂದು ಬೀಗದ ಕೈ ಕೊಟ್ಟರೂ ಆರ್‌ಸಿಯಲ್ಲಿ ನಿಮ್ಮ ಹೆಸರೇ ಇದ್ದರೆ ಕೊಂಡವರ ತಪ್ಪಿಗೆಲ್ಲ ಚಲನ್ ಬರುವುದು ನಿಮಗೆ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಎಂದು ಕಾನೂನೇ ಹೇಳುತ್ತದೆ. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆಯಬೇಡಿ. ಕೆಲವು ವಾರ ಬಿಟ್ಟು ನೀವೇ ಆನ್‌ಲೈನ್‌ನಲ್ಲಿ ಆ ಗಾಡಿಯ ನಂಬರ್ ಹಾಕಿ ನೋಡಿ. ಹೆಸರು ಬದಲಾಗಿರದಿದ್ದರೆ ಆರ್‌ಟಿಓ ಕಚೇರಿಗೆ ಹೋಗಿ ಮಾರಾಟದ ಕಾಗದ ತೋರಿಸಿ ಅರ್ಜಿ ಕೊಡಿ. ಅಷ್ಟರೊಳಗೆ ಬಿದ್ದ ಚಲನ್‌ಗಳಿದ್ದರೆ ಅದೇ ಕಾಗದದ ಪ್ರತಿ ಇಟ್ಟು ಟ್ರಾಫಿಕ್ ಠಾಣೆಗೂ ಬರೆದುಕೊಡಿ.