ದುಬೈ ಓಟಿ ಲೆಕ್ಕ: ಮೊದಲು ಬೇಸಿಕ್ ನೋಡಿ

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಯುಎಇಗೆ ಹೊರಟವರಿಗೆ ಏಜೆಂಟರು ಹೇಳುವುದು ಒಟ್ಟು ಸಂಬಳ. ಓಟಿ, ಅಂದರೆ ನಿಗದಿತ ಅವಧಿ ಮೀರಿ ದುಡಿದದ್ದಕ್ಕೆ ಕೊಡುವ ಹಣ, ಸಿಗುವುದು ಮಾತ್ರ ಬೇಸಿಕ್ (ಮೂಲ ವೇತನ) ಮೇಲೆ. ರೂಮು, ಊಟ, ಬಸ್ಸಿನ ಭತ್ಯೆ ಅದರಲ್ಲಿ ಸೇರುವುದಿಲ್ಲ. ಸಹಿ ಹಾಕುವ ಮುಂಚೆ ಕರಾರಿನಲ್ಲಿ ಬೇಸಿಕ್ ಎಷ್ಟೆಂದು ನೋಡಿಕೊಳ್ಳಿ. 2,000 ದಿರ್ಹಮ್‌ನಲ್ಲಿ ಬೇಸಿಕ್ 1,200 ಆಗಿದ್ದರೆ ಓಟಿಗೂ ಅದೇ, ಕೊನೆಗೆ ಬರುವ ಗ್ರಾಚ್ಯುಟಿಗೂ ಅದೇ.

ಈಗಿನ ಕಾರ್ಮಿಕ ಕಾನೂನು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಖಾಸಗಿ ಕಂಪೆನಿಗಳಿಗೆ ಇದು ಅನ್ವಯ; ಮನೆಗೆಲಸದವರಿಗೆ ಬೇರೆ ಕಾನೂನಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48. ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಒಟ್ಟು ಒಂದು ಗಂಟೆಯಾದರೂ ಬಿಡುವು ಕೊಡಬೇಕು. ಆ ಬಿಡುವು ಕೆಲಸದ ಅವಧಿಗೆ ಸೇರದು. ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಬಿಟ್ಟರೆ ಲೆಕ್ಕಕ್ಕೆ 9 ಗಂಟೆ, ಅಂದರೆ ಓಟಿ ಒಂದೇ ಗಂಟೆ. ಇದನ್ನು 2 ಎಂದು ಬರೆದುಕೊಂಡು ಹೋದರೆ ದೂರು ಅಲ್ಲೇ ಸಡಿಲವಾಗುತ್ತದೆ. ಕ್ಯಾಂಪಿನಿಂದ ಸೈಟಿಗೆ ಹೋಗುವ ಸಮಯವೂ ಸಾಮಾನ್ಯವಾಗಿ ಸೇರದು. ಕಂಪೆನಿ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಆ ಹೊತ್ತು ಸೇರುತ್ತದೆ. ರಂಜಾನ್ ತಿಂಗಳಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ಉಪವಾಸ ಮಾಡದವರಿಗೂ ಇದು ಉಂಟು, ಆದ್ದರಿಂದ ಆಗ ಎಂದಿನ 8 ಗಂಟೆ ದುಡಿದರೆ 2 ಗಂಟೆ ಓಟಿ.

ಲೆಕ್ಕ ಹೀಗೆ. 1,200ನ್ನು 30ರಿಂದ ಭಾಗಿಸಿದರೆ ದಿನಕ್ಕೆ 40, ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 5 ದಿರ್ಹಮ್. ಓಟಿಗೆ ಕನಿಷ್ಠ ಶೇ. 25 ಹೆಚ್ಚು: 6.25. ರಾತ್ರಿ 10ರಿಂದ ಬೆಳಗಿನ ಜಾವ 4ರ ನಡುವಿನ ಓಟಿಗೆ ಶೇ. 50 ಹೆಚ್ಚು: 7.50. ಪಾಳಿ ಕೆಲಸದವರಿಗೆ ಈ ರಾತ್ರಿ ದರ ಇಲ್ಲ. ತಿಂಗಳಲ್ಲಿ 20 ಗಂಟೆ ಓಟಿ ಮಾಡಿ, ಅದರಲ್ಲಿ 6 ಗಂಟೆ ರಾತ್ರಿಯದಾಗಿದ್ದರೆ 87.50ಕ್ಕೆ 45 ಸೇರಿ 132.50. ಕೆಲವು ಕಡೆ ಗಂಟೆಗೆ ಐದೈದರಂತೆ ಎಣಿಸಿ 100 ಕೈಗಿಡುತ್ತಾರೆ, ಪೇಸ್ಲಿಪ್‌ನಲ್ಲಿ 'ಓಟಿ' ಎಂದೇ ಇರುತ್ತದೆ. ಮೊತ್ತ ನೋಡಿ ಸುಮ್ಮನಾಗಬೇಡಿ, ಗಂಟೆಯ ದರ ಕೇಳಿ.

ಓಟಿ ದಿನಕ್ಕೆ 2 ಗಂಟೆ ಮೀರಬಾರದು, ಮೂರು ವಾರಕ್ಕೆ ಒಟ್ಟು ಕೆಲಸ 144 ಗಂಟೆ ದಾಟಬಾರದು. 48ರ ಮೂರರಷ್ಟೇ 144 ಅಲ್ಲವೇ? ವಾರವೂ 48 ತುಂಬುವವನಿಗೆ ಓಟಿಗೆ ಜಾಗವೇ ಉಳಿಯುವುದಿಲ್ಲ. 'ಇಲ್ಲಿ ದಿನಾ 12 ಗಂಟೆ, ಎಲ್ಲರೂ ಒಪ್ಪಿದ್ದಾರೆ' ಎಂಬ ಮಾತಿಗೆ ಕಾನೂನಿನಲ್ಲಿ ನೆಲೆಯಿಲ್ಲ. ಆದರೆ ಮೇಲ್ವಿಚಾರಕ ಹುದ್ದೆಯಲ್ಲಿದ್ದು ಮಾಲೀಕರ ಅಧಿಕಾರ ಚಲಾಯಿಸುವವರಿಗೆ ಈ ಗಂಟೆಗಳ ಮಿತಿ ಅನ್ವಯಿಸದು. ಬರೀ ಹೆಸರಿಗೆ 'ಸೂಪರ್‌ವೈಸರ್' ಆಗಿ ಬಡ್ತಿ ಕೊಟ್ಟಾಗ ಇದು ನೆನಪಿರಲಿ.

ವಾರಕ್ಕೆ ಒಂದು ದಿನವಾದರೂ ಸಂಬಳ ಸಹಿತ ರಜೆ. ಅದು ಶುಕ್ರವಾರವೇ ಆಗಬೇಕೆಂದಿಲ್ಲ, ಕರಾರಿನಲ್ಲಿ ಬರೆದ ದಿನ. ಅಂದು ಕರೆಸಿದರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ವೇತನದ ಜೊತೆ ಬೇಸಿಕ್‌ನ ಶೇ. 50 ಸೇರಿಸಬೇಕು, ನಮ್ಮ ಲೆಕ್ಕದಲ್ಲಿ ಆ ಹೆಚ್ಚುವರಿ 20 ದಿರ್ಹಮ್. ದಿನಗೂಲಿಯವರನ್ನು ಬಿಟ್ಟು ಯಾರನ್ನೂ ಸತತ ಎರಡಕ್ಕಿಂತ ಹೆಚ್ಚು ವಾರದ ರಜೆಗಳಲ್ಲಿ ದುಡಿಸುವಂತಿಲ್ಲ.

ಹೆಚ್ಚಿನವರು ಸೋಲುವುದು ದಾಖಲೆಯಿಲ್ಲದೆ. ಸಂಬಳ ಬ್ಯಾಂಕಿನ ಮೂಲಕ ಬಂದು ಓಟಿ ಮಾತ್ರ ನಗದಾಗಿ ಬಂದರೆ ಅದರ ಕುರುಹು ಉಳಿಯದು. ಬಂದ ಹೊತ್ತು, ಬಿಟ್ಟ ಹೊತ್ತು, ಬಿಡುವು, ಸೈಟಿನ ಹೆಸರು: ನಾಲ್ಕನ್ನೂ ಅಂದಂದೇ ಬರೆದಿಡಿ. ಟೈಮ್‌ಶೀಟಿಗೆ ಸಹಿ ಹಾಕುವ ಮೊದಲು ಫೋಟೊ ತೆಗೆದುಕೊಳ್ಳಿ. 'ರಾತ್ರಿ ನಿಲ್ಲಿ' ಎಂದು ಫೋರ್‌ಮನ್ ಕಳಿಸಿದ ವಾಟ್ಸಾಪ್ ಸಂದೇಶ ಅಳಿಸಬೇಡಿ.

ದೂರನ್ನು ಯುಎಇಯ ಮಾನವ ಸಂಪನ್ಮೂಲ ಸಚಿವಾಲಯದ ಆ್ಯಪ್‌ನಲ್ಲಿ ಅಥವಾ 80084ಕ್ಕೆ ಕರೆಮಾಡಿ ಕೊಡಬಹುದು. 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಕೋರ್ಟಿಗೆ ಹೋದರೂ 1,00,000 ದಿರ್ಹಮ್‌ವರೆಗಿನ ದಾವೆಗೆ ಶುಲ್ಕವಿಲ್ಲ. ಕೆಲಸ ಬಿಟ್ಟ ದಿನದಿಂದ ಎರಡು ವರ್ಷದೊಳಗೆ ಕೇಳಬೇಕು. 'ಬಾಕಿ ಏನೂ ಇಲ್ಲ' ಎಂಬ ಕಾಗದಕ್ಕೆ ಮಾತ್ರ ಹಣ ಖಾತೆಗೆ ಬೀಳುವ ಮುನ್ನ, ವಿಮಾನದ ಟಿಕೆಟ್ ತೋರಿಸಿ ಅವಸರ ಮಾಡಿದರೂ, ಸಹಿ ಹಾಕಬೇಡಿ.