ನಾನು ಥಾಯ್ ಅಲ್ಲ, ಮಾಡೋದು ಥಾಯ್ ಅಡುಗೆ

ಥಾಯ್ ಅಡುಗೆಮನೆ ಸೇರಿ ಹನ್ನೊಂದು ವರ್ಷವಾಯಿತು. ನಾನು ಥಾಯ್ ಅಲ್ಲ. ಊಟಕ್ಕೆ ಬಂದವರು ಒಳಗೆ ಇಣುಕಿದಾಗ "ಓ, ಅಡುಗೆ ಮಾಡೋದು ಇವರಾ?" ಅನ್ನೋದು ಮುಖದಲ್ಲೇ ಕಾಣುತ್ತದೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಅವರು ಕೇಳುವುದರಲ್ಲೂ ಅರ್ಥ ಇದೆ ಅನಿಸುತ್ತದೆ.

ನನಗೆ ಕಲಿಸಿದವರು ಒಬ್ಬ ಹಿರಿಯ ಥಾಯ್ ಹೆಂಗಸು. ಎಲ್ಲರೂ ಅವರನ್ನು 'ಪಾ' ಅಂತಿದ್ದರು. ಪಾ ಅಂದರೆ ದೊಡ್ಡಮ್ಮ. ಮೊದಲ ತಿಂಗಳು ನನ್ನನ್ನು ಒಲೆ ಹತ್ತಿರ ಬಿಡಲೇ ಇಲ್ಲ, ಕಲ್ಲಿನ ಒರಳಿನ ಮುಂದೆ ಕೂರಿಸಿದರು. ಗ್ರೀನ್ ಕರಿ ಅನ್ನೋ ಹಸಿರು ಸಾರಿನ ಮಸಾಲೆ ಕುಟ್ಟೋದಕ್ಕೂ ಒಂದು ಕ್ರಮ ಇದೆ. ಮೊದಲು ಹಸಿಮೆಣಸು ಮತ್ತು ಕಲ್ಲುಪ್ಪು. ಆಮೇಲೆ ನಾರಿರುವ ಮಜ್ಜಿಗೆ ಹುಲ್ಲು, ಶುಂಠಿ ಜಾತಿಯ ಗಲಾಂಗಲ್, ಕೊತ್ತಂಬರಿ ಬೇರು. ನೀರು ಬಿಡುವ ಬೆಳ್ಳುಳ್ಳಿ, ಸಣ್ಣ ಈರುಳ್ಳಿ ತಡವಾಗಿ. ಸೀಗಡಿ ಪೇಸ್ಟ್ ಎಲ್ಲಕ್ಕಿಂತ ಕೊನೆಗೆ. ಈರುಳ್ಳಿ ಮೊದಲೇ ಬಿದ್ದರೆ ಒರಳೆಲ್ಲ ನೀರು ನೀರು, ನಾರು ಜಾರಿಕೊಂಡು ಓಡಾಡುತ್ತದೆ, ನುರಿಯೋದೇ ಇಲ್ಲ. ಇಷ್ಟನ್ನು ಯಾರ ಕೈ ಬೇಕಾದರೂ ಕಲಿಯುತ್ತದೆ.

ನಾಲಿಗೆಯ ಕಥೆ ಬೇರೆ. ಈ ಕರಿಗೆ ತೆಂಗಿನ ಗಟ್ಟಿ ಹಾಲನ್ನು ಎಣ್ಣೆ ಬಿಡುವ ತನಕ ಕುದಿಸಿ, ಆ ಎಣ್ಣೆಯಲ್ಲೇ ಮಸಾಲೆ ಹುರಿಯಬೇಕು. ಒಂದು ದಿನ ನಾನು ತೆರೆದ ಡಬ್ಬಿ ಹಾಲು ಇಪ್ಪತ್ತು ನಿಮಿಷವಾದರೂ ಒಡೆದು ಎಣ್ಣೆ ಬಿಡಲಿಲ್ಲ. ಒಡೆಯಬಾರದು ಅಂತಲೇ ಕೆಲವು ಡಬ್ಬಿಗಳಲ್ಲಿ ಸ್ಟೆಬಿಲೈಸರ್ ಬೆರೆಸಿರುತ್ತಾರೆ. ಹಾಗೇ ಮಸಾಲೆ ಹಾಕಿ ಮುಗಿಸಿದೆ. ಬಣ್ಣ ಚೆನ್ನಾಗಿತ್ತು, ನನಗೆ ರುಚಿಯೂ ಚೆನ್ನಾಗೇ ಇತ್ತು. ಪಾ ಒಂದು ಚಮಚ ಬಾಯಿಗಿಟ್ಟು "ಹಸಿ" ಅಂದರು. ಅಷ್ಟೇ. ಚಿಕ್ಕಂದಿನಿಂದ ಉಂಡವರಿಗೆ ಇದು ತಾನಾಗೇ ಗೊತ್ತಾಗುತ್ತದೆ. ನನಗೆ ಯಾರಾದರೂ ಹೇಳಬೇಕಿತ್ತು. ಅವತ್ತಿನಿಂದ, ಹೊಸ ಅಡುಗೆ ಮೆನುಗೆ ಹೋಗುವ ಮೊದಲು, ಅದನ್ನು ಉಂಡು ಬೆಳೆದ ಇಬ್ಬರಿಗಾದರೂ ತಿನ್ನಿಸುತ್ತೇನೆ. ಅವರಿಗೆ ಅಡುಗೆ ಬರದಿದ್ದರೂ ಪರವಾಗಿಲ್ಲ.

ಹಾಗಂತ ಹುಟ್ಟಿದ ಊರೇ ಎಲ್ಲ ಕಲಿಸಿಬಿಡುವುದಿಲ್ಲ. ನಮ್ಮಲ್ಲಿ ಬ್ಯಾಂಕಾಕಿನಲ್ಲಿ ಬೆಳೆದ ಒಬ್ಬ ಹುಡುಗ ಇದ್ದ. ಉತ್ತರ ಥಾಯ್ಲೆಂಡಿನ 'ಗೇಂಗ್ ಹಂಗ್ಲೇ' ಮಾಡಲು ಹೇಳಿದರೆ ಅಭ್ಯಾಸಬಲದಿಂದ ತೆಂಗಿನ ಹಾಲು ಸುರಿದ. ಬರ್ಮಾ ಕಡೆಯಿಂದ ಬಂದ ಆ ಹಂದಿಮಾಂಸದ ಕರಿಗೆ ತೆಂಗಿನ ಹಾಲೇ ಇಲ್ಲ. ಅವತ್ತು ಇಬ್ಬರೂ ಪಾ ಮುಂದೆ ತಲೆ ತಗ್ಗಿಸಿ ನಿಂತೆವು. ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಗಿದ್ದೂ ನಿಜ!

ಆಸ್ಟ್ರೇಲಿಯಾದ ಬಾಣಸಿಗ ಡೇವಿಡ್ ಥಾಂಪ್ಸನ್ 2001ರಲ್ಲಿ ಲಂಡನ್ನಿನಲ್ಲಿ 'ನಾಮ್' ಎಂಬ ಥಾಯ್ ರೆಸ್ಟೋರೆಂಟ್ ತೆರೆದರು. 2010ರಲ್ಲಿ ಬ್ಯಾಂಕಾಕಿನಲ್ಲೇ ಇನ್ನೊಂದು ನಾಮ್ ತೆರೆದಾಗ, ವಿದೇಶಿಯೊಬ್ಬ ನಮಗೆ ನಮ್ಮ ಅಡುಗೆ ಕಲಿಸುವುದಾ ಅಂತ ಅಲ್ಲಿ ಕೆಲವರು ಸಿಡುಕಿದರು. 2014ರಲ್ಲಿ ಅದೇ ನಾಮ್ ಏಷ್ಯಾದ ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲು ಬಂತು. ಥಾಯ್ಲೆಂಡಿನಲ್ಲಿ ಸತ್ತವರ ನೆನಪಿಗೆ ಪುಸ್ತಕ ಹಂಚುವ ಪದ್ಧತಿ ಇದೆ, ಕೆಲವದರಲ್ಲಿ ಅವರ ಮನೆಯ ಅಡುಗೆಗಳೂ ಇರುತ್ತವೆ. ಥಾಂಪ್ಸನ್ ಥಾಯ್ ಭಾಷೆ ಕಲಿತು ಅಂಥ ಪುಸ್ತಕಗಳನ್ನು ಓದಿದವರು. ಅಷ್ಟು ಮಾಡಿದವರನ್ನು ಎಲ್ಲಿಯವರು ಅಂತ ನಾನಂತೂ ಕೇಳಲಾರೆ. ಆದರೆ ಅಷ್ಟೇ ಓದಿದ ಥಾಯ್ ಹೆಂಗಸಿಗೆ ಲಂಡನ್ನಿನಲ್ಲಿ ದುಡ್ಡು ಹಾಕುವವರು ಸಿಗುತ್ತಿದ್ದರಾ? ಸಿಟ್ಟು ಅಲ್ಲಿದ್ದರೆ ಅದು ನ್ಯಾಯವೇ ಅಲ್ವಾ?

ಆ ಮಾತು ನನಗೂ ತಟ್ಟುತ್ತದೆ. ಒಮ್ಮೆ ಪತ್ರಿಕೆಯವರು ಬಂದು ಕರಿ ಹೊಗಳಿ, ನನ್ನ ಫೋಟೋ ತೆಗೆದುಕೊಂಡು ಹೋದರು. ಆ ಕರಿ ಪಾ ಮಾಡಿದ್ದು. ಅವರು ಆಗ ಹಿಂದುಗಡೆ ಒರಳು ತೊಳೆಯುತ್ತಿದ್ದರು. ನಾನು ಸುಮ್ನೆ ನಗುತ್ತಾ ನಿಂತಿದ್ದೆ.

ಆ ವಾರ ಮೆನುವಿನಲ್ಲಿ ಆ ಕರಿಯ ಕೆಳಗೆ ಪಾ ಹೆಸರು ಹಾಕಿಸಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, "ಹೆಸರು ಇರಲಿ, ಸಂಬಳ ಜಾಸ್ತಿ ಮಾಡಿಸು" ಅಂದರು. ಮಾಲೀಕರ ಹತ್ತಿರ ಮೂರು ಸಲ ಹೋಗಬೇಕಾಯಿತು. ಕೊನೆಗೆ ಮಾಡಿದರು.