ಜರಿ ಸೀರೆ ಲೆಕ್ಕಕ್ಕೇ ಸಿಗದಿದ್ದಾಗ

ಚಿಕ್ಕಪೇಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ. ಸ್ಟಾಕ್ ಎಣಿಸಲು ಆರ್‌ಎಫ್‌ಐಡಿ ಟ್ಯಾಗ್ ಹಾಕಿಸಿದೆವು. ರೀಡರ್ ಅನ್ನೋ ಯಂತ್ರ ರೇಡಿಯೋ ಅಲೆ ಬಿಟ್ಟು ಈ ಚೀಟಿಗಳನ್ನು ದೂರದಿಂದಲೇ ಓದಿ ಎಣಿಸುತ್ತದೆ. ಕಾಟನ್ ಸೀರೆಗಳು ಟಕಟಕ ಲೆಕ್ಕಕ್ಕೆ ಬಂದವು. ರೇಷ್ಮೆ ಕಪಾಟಿನಲ್ಲಿ ಮಾತ್ರ 40 ಸೀರೆ ಇದ್ದರೆ ರೀಡರ್ 23 ಅನ್ನುತ್ತಿತ್ತು. ಕಳ್ಳತನವೇ ಆಗಿದೆ ಅಂತ ಅಪ್ಪ ಗಾಬರಿ!

ಮೊದಲು ರೀಡರ್ ಪವರ್ ಜಾಸ್ತಿ ಮಾಡಿದೆ. ಗೋಡೆಯಾಚೆ ಗೋಡೌನಿನ ಸೀರೆಗಳೂ ಸೇರಿಕೊಂಡು ಇನ್ನಷ್ಟು ಗೋಜಲಾಯಿತು. ಆಮೇಲೆ ಸುಮ್ನೆ ಒಂದು ಸೀರೆ ಬಿಚ್ಚಿ ನೋಡಿದೆ. ಟ್ಯಾಗ್ ಸರಿಯಾಗಿ ಸೆರಗಿನ ಜರಿ ಮೇಲೇ ಕೂತಿತ್ತು. ಬೆಳ್ಳಿಯೋ ತಾಮ್ರವೋ, ನಮ್ಮ ಜರಿ ಲೋಹದ ಎಳೆ ಅಲ್ವಾ? 865 ಮೆಗಾಹರ್ಟ್ಸ್ ಆಸುಪಾಸಿನ ಈ ಅಲೆಗಳನ್ನು ಲೋಹ ವಾಪಸ್ ಎಸೆಯುತ್ತದೆ, ಟ್ಯಾಗಿನ ಆಂಟೆನಾದ ಶ್ರುತಿಯನ್ನೂ ಕೆಡಿಸುತ್ತದೆ.

ಟ್ಯಾಗುಗಳಿಗೆ ದಾರ ಕಟ್ಟಿ, ಮಡಿಕೆಯಿಂದ ಎರಡು ಬೆರಳು ಹೊರಗೆ ನೇತುಹಾಕಿದೆ. ಪವರ್ ಮೊದಲಿನಷ್ಟಕ್ಕೇ ಇಳಿಸಿದೆ. ಮತ್ತೆ ಎಣಿಸಿದರೆ 39. ಇನ್ನೊಂದನ್ನು ಅಪ್ಪನೇ ಬಾಗಿಲ ಬೊಂಬೆಗೆ ಉಡಿಸಿದ್ದರು.